ಹಗ್ಗದ ಓಣಿಗೆ ಅಡ್ಡ ಕೂತ ಕಚೇರಿ

ಪ್ರಾದೇಶಿಕ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಸೇವೆ ಮಾಡಲೆಂದು ನೀವು ಕಟ್ಟಿಸಿಕೊಂಡಿರುವ ಕಚೇರಿ ನಮ್ಮ ಕಸುಬಿನ ಮೇಲೆ ಕೂತಿದೆ. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ, ಆದ್ದರಿಂದ ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದೇನೆ. ನಮ್ಮ ಓಣಿಯವರು ತಲೆತಲಾಂತರದಿಂದ ಹಗ್ಗ ಹೊಸೆಯುವವರು. ಹಗ್ಗ ಹೊಸೆಯಲು ಉದ್ದನೆಯ, ನೇರವಾದ, ಏನೂ ಇಲ್ಲದ ಜಾಗ ಬೇಕು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನದಿಯ ಇಳಿಜಾರು ಇರುವ ಈ ಊರಿನಲ್ಲಿ ಅಂಥ ಜಾಗ ಇದ್ದದ್ದು ಒಂದೇ. ಅದರ ನಟ್ಟನಡುವೆ ಈಗ ನೀವಿದ್ದೀರಿ. ಹಾಗಾಗಿ ನದಿಗೆ ಅಡ್ಡಲಾಗಿ ಕಟ್ಟಬೇಕಾದ ಈ ವರ್ಷದ ಹಗ್ಗ ತಯಾರಾಗಿಲ್ಲ. ನದಿ ಏರುವ ಕಾಲ ಹತ್ತಿರ ಬಂದಿದೆ. ಸವೆದ ಹಳೆಯ ಹಗ್ಗವನ್ನೇ ಹಿಡಿದು ದಿನವೂ ದೋಣಿಯಲ್ಲಿ ಜನರನ್ನು ದಾಟಿಸುತ್ತಿರುವವರು ನನ್ನ ಗಂಡ. ಇಷ್ಟೇ ನನ್ನ ದೂರು. ಇಷ್ಟಕ್ಕೇ ನಿಮಗೆ ಅರ್ಥವಾಗಿದ್ದರೆ ಮುಂದೆ ಓದುವ ಶ್ರಮ ತೆಗೆದುಕೊಳ್ಳಬೇಡಿ, ಎದ್ದು ಹೋಗಿ ನಿಮ್ಮ ಹಿಂಬಾಗಿಲ ಬೀಗ ತೆಗೆಸಿ. ಅರ್ಥವಾಗಿರಲಿಕ್ಕಿಲ್ಲ ಎಂದು ನನ್ನ ಅನುಭವ ಹೇಳುತ್ತದೆ, ಆದ್ದರಿಂದ ಮುಂದುವರಿಸುತ್ತೇನೆ.

ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಓಣಿಯ ಒಂದು ತುದಿಯಲ್ಲಿ ರಾಟೆ ಇರುತ್ತದೆ, ಒಬ್ಬರು ಅದನ್ನು ತಿರುಗಿಸುತ್ತಾರೆ. ಇನ್ನೊಬ್ಬರು ಸೊಂಟಕ್ಕೆ ನಾರಿನ ಕಟ್ಟು ಸುತ್ತಿಕೊಂಡು, ನಾರಿನ ತುದಿಯನ್ನು ರಾಟೆಗೆ ಸಿಕ್ಕಿಸಿ, ಬೆರಳಿನಿಂದ ನಾರು ಬಿಡುತ್ತ ಬಿಡುತ್ತ ಹಿಂದೆ ಹಿಂದೆ ನಡೆಯುತ್ತಾರೆ. ಮುಖ ರಾಟೆಯ ಕಡೆಗೆ, ಬೆನ್ನು ಹೋಗುವ ದಾರಿಯ ಕಡೆಗೆ. ಹೀಗೆ ಮಾಡಿದ ಎಳೆಗಳನ್ನು ಓಣಿಯ ಉದ್ದಕ್ಕೂ ಬಿಗಿದು ಒಟ್ಟಿಗೆ ಹೊಸೆದರೆ ಹಗ್ಗವಾಗುತ್ತದೆ. ಹೊಸೆದಷ್ಟೂ ಎಳೆ ಗಿಡ್ಡವಾಗುತ್ತದೆ. ಅದಕ್ಕೇ ನಮ್ಮ ಹಿರಿಯರು ಓಣಿಯನ್ನು ನದಿಯ ಅಗಲಕ್ಕಿಂತ ಉದ್ದವಾಗಿ ಬಿಟ್ಟರು. ಹಿಂದೆ ನಡೆಯುವವರು ತಿರುಗಿ ನೋಡುವಂತಿಲ್ಲ. ಕಣ್ಣು ಬೆರಳ ಮೇಲಿಂದ ಸರಿದರೆ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗಿಬಿಡುತ್ತದೆ. ಆದ್ದರಿಂದ ನಮ್ಮ ಓಣಿಯಲ್ಲಿ ಯಾರೂ ಯಾವುದನ್ನೂ ಬಿಟ್ಟುಹೋಗುವುದಿಲ್ಲ. ಒಂದು ಕೊಡ ಇಡುವುದಿಲ್ಲ, ಸೈಕಲ್ ನಿಲ್ಲಿಸುವುದಿಲ್ಲ, ಮಂಚ ಹಾಕಿಕೊಂಡು ಕೂರುವುದಿಲ್ಲ. ಹಾಗೆ ಇಟ್ಟವರು ಓಣಿಯವರೆಲ್ಲರ ಬಾಯಿಗೆ ಸಿಕ್ಕಿ ಹಾಕಿಕೊಳ್ಳುತ್ತಾರೆ. ಆ ಜಾಗ ಖಾಲಿ ಇರುವುದೇ ಅದರ ಉಪಯೋಗ.

ಆ ಖಾಲಿ ಜಾಗವನ್ನು ಆರಿಸಲು ನೀವೇ ಖುದ್ದಾಗಿ ಬಂದಿದ್ದಿರಿ. ಬಂದದ್ದು ನಡುಮಧ್ಯಾಹ್ನ. ನಾರು ಒಣಗಿದರೆ ಬೆರಳಿಗೆ ಬಾಗುವುದಿಲ್ಲವಾದ್ದರಿಂದ ನಾವು ಕೆಲಸ ಮಾಡುವುದು ತಂಪು ಹೊತ್ತಿನಲ್ಲಿ; ಮಧ್ಯಾಹ್ನ ಓಣಿಯಲ್ಲಿ ಕಾಗೆಯೂ ಇರುವುದಿಲ್ಲ. ಇದ್ದವರು ನನ್ನ ಅತ್ತೆ ಒಬ್ಬರೇ. ಮೇಕೆ ನುಗ್ಗದಂತೆ ಕೋಲು ಹಿಡಿದು ಮರದ ಬುಡದಲ್ಲಿ ಕೂತಿದ್ದರು. ನಿಮ್ಮ ಮೇಲೆ ಕೊಡೆ ಹಿಡಿದಿದ್ದ ಮನುಷ್ಯ ಕೇಳಿದ, "ಅಜ್ಜೀ, ಈ ಜಾಗದಲ್ಲಿ ಏನಿದೆ?"

"ಏನೂ ಇಲ್ಲಪ್ಪ," ಅಂದರು ಅತ್ತೆ. "ಏನೂ ಇರ್ಬಾರ್ದು ಅಂತಾನೇ ಕಾಯ್ತಾ ಕೂತಿದೀನಿ."

ನೀವು ಮೊದಲ ಮಾತನ್ನು ಬರೆದುಕೊಂಡು ಎರಡನೆಯದನ್ನು ಅಲ್ಲೇ ಬಿಟ್ಟು ಹೋದಿರಿ. ಆಮೇಲೆ ನಮಗೆ ತಿಳಿದುಬಂದ ಪ್ರಕಾರ ಓಣಿಯ ಎರಡೂ ತುದಿಯವರಿಗೆ ಸಮಾನ ದೂರದಲ್ಲಿರಲಿ, ಯಾರಿಗೂ ಅನ್ಯಾಯವಾಗದಿರಲಿ ಎಂಬ ದೊಡ್ಡ ಮನಸ್ಸಿನಿಂದ ಸರಿಯಾಗಿ ನಡುಮಧ್ಯ ಗುರುತು ಹಾಕಿಸಿದ್ದೀರಿ. ಒಂದು ತುದಿಗೆ ಒತ್ತಿ ಕಟ್ಟಿದ್ದರೆ ನಮಗೆ ಉಳಿದ ಉದ್ದ ಹೇಗೋ ಸಾಕಾಗುತ್ತಿತ್ತೋ ಏನೋ. ಇಷ್ಟು ನಿಖರವಾಗಿ ನಮ್ಮ ಸೊಂಟ ಮುರಿಯಲು ದ್ವೇಷವಿದ್ದವರಿಗೂ ಆಗುತ್ತಿರಲಿಲ್ಲ. ಸಮಾನತೆಯ ಮೇಲಿನ ಪ್ರೀತಿ ಬೇಕಿತ್ತು.

ಪಾಯ ತೋಡಲು ಶುರುವಾದಾಗ ನಾವು ಸುಮ್ಮನೆ ಕೂರಲಿಲ್ಲ. ಓದು ಬರಹ ಬಲ್ಲವಳೆಂದು ಓಣಿಯವರು ನನ್ನನ್ನು ಮುಂದೆ ಮಾಡಿದರು. ದೊಡ್ಡ ಊರಿನ ದೊಡ್ಡ ಕಚೇರಿಗೆ ಹೋದೆವು. ಅಲ್ಲಿದ್ದ ಗುಮಾಸ್ತರು ನಮ್ಮ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು, "ಇದು ಪ್ರಾದೇಶಿಕ ಕಚೇರಿಗೆ ಸಂಬಂಧಪಟ್ಟ ಆಕ್ಷೇಪಣೆ. ಪ್ರಾದೇಶಿಕ ಕಚೇರೀಲೇ ಕೊಡ್ಬೇಕು."

"ಅದನ್ನ ಇನ್ನೂ ಕಟ್ಟೇ ಇಲ್ವಲ್ಲ ಸಾರ್," ಅಂದೆ. "ಕಟ್ಬೇಡಿ ಅಂತ ಹೇಳೋಕೇ ಬಂದಿರೋದು."

"ಕಟ್ಟಿದ ಮೇಲೆ ಬನ್ನಿ," ಅಂದರು. ಅವರ ಮುಖದಲ್ಲಿ ನಗು ಇರಲಿಲ್ಲ. ಅವರು ತಮಾಷೆ ಮಾಡುತ್ತಿದ್ದಾರೆಂದು ಭಾವಿಸಿ ನಾನೊಬ್ಬಳೇ ನಕ್ಕೆ. ಕಟ್ಟಿದ ಮೇಲೆ ಹೋದೆವು. ಹೊಸ ಬಣ್ಣದ ವಾಸನೆ ಇನ್ನೂ ಆರಿರದ ನಿಮ್ಮ ಕೌಂಟರಿನ ಹಿಂದೆ ಕೂತಿದ್ದ ಹುಡುಗಿ ಅದೇ ಅರ್ಜಿ ಓದಿ ಅಯ್ಯೋ ಪಾಪ ಎಂಬ ಮುಖ ಮಾಡಿ, "ಕಟ್ಟಾಗಿದೆಯಲ್ಲಮ್ಮ, ಈಗ ಬಂದ್ರೆ ಏನ್ ಮಾಡೋದು?" ಅಂದಳು. ಕಟ್ಟುವ ಮೊದಲು ಬರುವಂತಿಲ್ಲ, ಕಟ್ಟಿದ ಮೇಲೆ ಬಂದರೆ ತಡವಾಯಿತು. ಹಾಗಾದರೆ ನಾವು ಬರಬೇಕಾಗಿದ್ದ ಗಳಿಗೆ ಯಾವುದು ಎಂದು ದಯವಿಟ್ಟು ತಿಳಿಸಿ. ಮುಂದಿನ ಸಲ ಯಾರ ಅಂಗಳದಲ್ಲಾದರೂ ನೀವು ಸೇವೆ ಶುರು ಮಾಡಿದರೆ ಅವರಿಗಾದರೂ ಉಪಯೋಗವಾಗಲಿ.

ಉದ್ಘಾಟನೆಯ ದಿನವನ್ನು ನಾನು ಮರೆಯುವಂತಿಲ್ಲ. ಜನ ವೇದಿಕೆಗೆ ನುಗ್ಗದಂತೆ ತಡೆಯಲು ಹಗ್ಗ ಬೇಕೆಂದು ನಿಮ್ಮವರು ಕೇಳಿಕೊಂಡು ಬಂದದ್ದು ನಮ್ಮ ಮನೆಗೇ. ನಮ್ಮನ್ನು ದೂರ ನಿಲ್ಲಿಸುವ ಹಗ್ಗವನ್ನೂ ನಾವೇ ಕೊಟ್ಟು, ಅದರ ಆಚೆ ನಿಂತು, "ಸರ್ಕಾರ ನಿಮ್ಮ ಮನೆ ಬಾಗಿಲಿಗೆ ಬಂದಿದೆ" ಎಂಬ ನಿಮ್ಮ ಭಾಷಣ ಕೇಳಿದೆವು. ಬಾಗಿಲಿಗೆ ಬಂದವರು ಬಾಗಿಲಲ್ಲೇ ಮಲಗಿದರೆ ಮನೆಯವರು ಎಲ್ಲಿಂದ ಓಡಾಡಬೇಕು ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು.

ಅತ್ತೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಡತದಲ್ಲಿ ಅವರು "ಕಚೇರಿಯ ಆವರಣವನ್ನು ಹಿಮ್ಮುಖವಾಗಿ ಪ್ರವೇಶಿಸಲು ಯತ್ನಿಸಿದ ವೃದ್ಧೆ". ಆ ಸಾಲನ್ನು ಬರೆದವರು ಯಾರೋ ತಿಳಿಯದು, ಅವರ ಕೈಗೆ ನಮಸ್ಕಾರ. ನಡೆದದ್ದು ಹೀಗೆ. ಉದ್ಘಾಟನೆಯ ಮರುದಿನ ಮುಂಜಾನೆ ಉಳಿದರ್ಧ ಓಣಿಯಲ್ಲಿ ಚಿಲ್ಲರೆ ಹುರಿಯಾದರೂ ಮಾಡೋಣವೆಂದು ನಾನು ರಾಟೆಗೆ ಕೂತೆ, ಅತ್ತೆ ನಾರು ಸುತ್ತಿಕೊಂಡು ಹಿಂದೆ ಹೊರಟರು. ಗೋಡೆ ಇದೆಯೆಂದು ಅವರಿಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಆ ಕಾಲು ಆ ನೆಲದಲ್ಲಿ ಕಣ್ಣಿನ ಹಂಗಿಲ್ಲದೆ ನಡೆದಿದೆ. ನಾನು "ಅತ್ತೆ, ಸಾಕು" ಎಂದು ಕೂಗಿದ್ದು ರಾಟೆಯ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಬೆನ್ನು, ಹಿಂದಲೆ ಎರಡೂ ಒಟ್ಟಿಗೆ ನಿಮ್ಮ ಹಿಂಬಾಗಿಲ ಪಕ್ಕದ ಗೋಡೆಗೆ ಬಡಿದವು. ಆಗಲೂ ಅವರು ತಿರುಗಲಿಲ್ಲ. ಎಳೆ ಬಿಗಿಯಾಗಿ ಹಿಡಿದುಕೊಂಡೇ, "ಯಾರದು ಹಿಂದೆ? ಸರಿ ಆ ಕಡೆ, ಎಳೆ ಹರೀತದೆ," ಎಂದು ಗದರಿದರು. ನಿಮ್ಮ ಗೋಡೆ ಸರಿಯಲಿಲ್ಲ. ಆಮೇಲೆ ಮೆಲ್ಲಗೆ ಕುಸಿದು ಕೂತರು.

ಒಳಗಿನಿಂದ ಓಡಿಬಂದ ನಿಮ್ಮ ಕಾವಲುಗಾರ ಗಾಬರಿಯಲ್ಲಿ ಏನು ಹೇಳುವುದೆಂದು ತೋಚದೆ ತನಗೆ ಹೇಳಿಕೊಟ್ಟಿದ್ದ ಮಾತನ್ನೇ ಹೇಳಿದ, "ಅಜ್ಜೀ, ಮುಂಬಾಗ್ಲಿಂದ ಬರ್ಬೇಕು."

"ನಾನೆಲ್ಲಿಗೂ ಬರ್ತಿಲ್ಲಪ್ಪ," ಅಂದರು ಅತ್ತೆ. "ನೀವು ಬಂದಿರೋದು."

ಅವನನ್ನು ನಾನು ದೂರುವುದಿಲ್ಲ, ನೀರು ತಂದು ಕುಡಿಸಿದವನು ಅವನೇ. ವಿವರಣೆ ಕೇಳಿ ನೋಟಿಸು ಕಳಿಸಿದವರು ನೀವು. ಅದಕ್ಕೆ ನಾನು ಬರೆದ ವಿವರಣೆಗೆ ಇಂದಿನವರೆಗೂ ಉತ್ತರವಿಲ್ಲ, ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಗಾಯ ಮಾಯಿತು. ಆದರೆ ಅತ್ತೆ ಈಗ ಮನೆಯೊಳಗೂ ಒಂದು ಕೈಯನ್ನು ಬೆನ್ನ ಹಿಂದೆ ಚಾಚಿಕೊಂಡು ತಡವುತ್ತ ಓಡಾಡುತ್ತಾರೆ. ಒಲೆಯಿಂದ ಹೊಸ್ತಿಲವರೆಗೆ ಹೋಗಲೂ ಹಾಗೇ. ಅವರು ಹೆದರಿದ್ದನ್ನು ಈ ಮನೆಗೆ ಬಂದಮೇಲೆ ನಾನು ಕಂಡಿದ್ದು ಇದೇ ಮೊದಲು, ಮತ್ತು ಅದನ್ನು ನೋಡಿದಾಗಲೆಲ್ಲ ನನಗೆ ನಿಮ್ಮ ಮೇಲೆ ಬರುವ ಸಿಟ್ಟು ಈ ಪತ್ರದಲ್ಲಿ ಹಿಡಿಸುವಂಥದ್ದಲ್ಲ.

ಅದಾದ ಮೇಲೆ ನಿಮ್ಮ ಕೋಣೆಗೆ ನನ್ನನ್ನು ಕರೆಸಿದಿರಿ. ಕೋಣೆ ಚೆನ್ನಾಗಿದೆ. ದೊಡ್ಡ ಕಿಟಕಿ, ಕಿಟಕಿಯ ತುಂಬ ನದಿ, ತಣ್ಣನೆಯ ಗಾಳಿ. ನಾವು ಆ ಗಾಳಿಗೆ ಮೈಯೊಡ್ಡಿ ಕೆಲಸ ಮಾಡಿದವರಾದ್ದರಿಂದ ನನಗೆ ಗುರುತು ಸಿಕ್ಕಿತು. ನೀವು ಬಹಳ ಸಮಾಧಾನದಿಂದ ಮಾತಾಡಿದಿರಿ. "ಕಟ್ಟಡ ಸುತ್ತಿಕೊಂಡು ಹೋಗಿ, ನಾಲ್ಕು ಹೆಜ್ಜೆ ಜಾಸ್ತಿ ಆಗುತ್ತೆ ಅಷ್ಟೇ," ಅಂದಿರಿ.

"ನಾನು ಸುತ್ಕೊಂಡು ಹೋಗ್ತೀನಿ ಸಾರ್, ಎಳೆ ಹೋಗಲ್ಲ," ಅಂದೆ. "ಅದನ್ನ ಬಿಗಿಯಾಗಿ ನೇರಕ್ಕೆ ಎಳೆದು ಹೊಸೀಬೇಕು."

"ಹಾಗಾದ್ರೆ ಎರಡು ತುಂಡು ಮಾಡಿ ಸೇರಿಸಿ."

"ಸೇರಿಸಿದ ಕಡೆ ದಪ್ಪ ಆಗುತ್ತೆ. ದೋಣಿಯ ಗಡಗಡೆ ಒಳಗೆ ತೂರಲ್ಲ."

"ಪೇಟೆಯಿಂದ ಪ್ಲಾಸ್ಟಿಕ್ ಹಗ್ಗ ತನ್ನಿ."

"ತಂದು ನೋಡಿದೀವಿ. ನೆನೆದ ಕೈಗೆ ಜಾರುತ್ತೆ, ಸೆಳವಿಗೆ ಹಿಗ್ಗುತ್ತೆ. ದೋಣಿ ದಡ ಬಿಟ್ಟು ಕೆಳಗೆ ಹೋಗುತ್ತೆ."

ನೀವು ಕೊನೆಗೆ, ಉಕ್ಕಿನ ಹಗ್ಗ ಮಂಜೂರಾಗಿದೆ, ಸೇತುವೆಯೂ ಬರಲಿದೆ, ಸ್ವಲ್ಪ ತಾಳ್ಮೆ ಇರಲಿ ಅಂದಿರಿ. ಉಕ್ಕಿನ ಹಗ್ಗ ಎಲ್ಲಿದೆ ಎಂದು ಕೇಳಿದ್ದಕ್ಕೆ ಮೇಲಿನವರ ಹತ್ತಿರ ಅಂದಿರಿ. ಮೇಲಿನವರನ್ನು ಕೇಳಿದರೆ ಕೆಳಗಿನವರ ಹತ್ತಿರ ಅನ್ನುತ್ತಾರೆ. ನದಿ ಮಾತ್ರ ನಮ್ಮ ಹತ್ತಿರ ಇದೆ. ಅದು ನಿಮ್ಮ ಹಾಗೆ ಮಂಜೂರಾತಿಗೆ ಕಾಯುವುದಿಲ್ಲ.

ಆದರೂ ನಿಮ್ಮ ಮಾತಿಗೆ ಬೆಲೆ ಕೊಟ್ಟು ಎರಡು ತುಂಡಿನ ಹಗ್ಗ ಮಾಡಿದೆವು. ಅರ್ಧ ಓಣಿಯಲ್ಲಿ ಒಂದು, ಇನ್ನರ್ಧದಲ್ಲಿ ಇನ್ನೊಂದು. ಎರಡನ್ನೂ ಬಿಚ್ಚಿ ಎಳೆಗೆ ಎಳೆ ಹೆಣೆದು, ಸೇರಿಸಿದ ಜಾಗವನ್ನು ಕಲ್ಲಿನಿಂದ ಜಜ್ಜಿ ಸಣ್ಣ ಮಾಡಿ ನನ್ನ ಗಂಡನ ಕೈಗೆ ಕೊಟ್ಟೆ. ಅವರು ಬೆರಳಾಡಿಸಿ ನೋಡಿ ನಕ್ಕರು. ಅವರ ಸ್ವಭಾವವೇ ಹಾಗೆ, ಎಲ್ಲವನ್ನೂ ನಗೆಯಲ್ಲಿ ತೇಲಿಸಿಬಿಡುತ್ತಾರೆ. ಮನೆಯಲ್ಲಿ ನಾನು ಜಗಳ ತೆಗೆದರೆ, "ನೀನು ಹೊಸೆದ ಹಗ್ಗ ಹಿಡ್ಕೊಂಡು ನಡುನೀರಲ್ಲಿ ನಿಲ್ಲೋನು ನಾನು, ನಿನ್ ಜೊತೆ ಜಗಳ ಆಡೋಕೆ ತಲೆ ಕೆಟ್ಟಿದೆಯಾ ನಂಗೆ?" ಅನ್ನುತ್ತಾರೆ. ಮಾತು ತಮಾಷೆಯದ್ದಾದರೂ ವಿಷಯ ನಿಜ. ನಮ್ಮ ದೋಣಿಗೆ ನೀರು ಮೀಟುವ ಹುಟ್ಟು ಇಲ್ಲ. ದಡದಿಂದ ದಡಕ್ಕೆ ಬಿಗಿದ ಹಗ್ಗಕ್ಕೆ ದೋಣಿಯನ್ನು ಗಡಗಡೆಯಿಂದ ತಗುಲಿಹಾಕಿ, ಹಗ್ಗವನ್ನು ಕೈಯಿಂದ ಜಗ್ಗುತ್ತ ದಾಟಿಸಬೇಕು. ಹಗ್ಗ ಹೋದರೆ ದೋಣಿಯನ್ನು ಹಿಡಿಯುವುದು ಇನ್ನೇನೂ ಇಲ್ಲ.

ಹೊಸ ಹಗ್ಗ ಕಟ್ಟಿದ ದಿನ ಮೊದಲ ಸಲದಲ್ಲೇ ಆ ಸೇರಿಕೆ ಗಡಗಡೆಗೆ ಸಿಕ್ಕಿಕೊಂಡಿತು, ಅದೂ ಸೆಳವು ಜೋರಾಗಿರುವ ನಡುನದಿಯಲ್ಲಿ. ನಾನು ದಡದಲ್ಲಿ ನಿಂತು ನೋಡುತ್ತಿದ್ದೆ. ದೋಣಿ ಒಂದು ಮಗ್ಗುಲಿಗೆ ವಾಲಿತು. ಒಳಗಿದ್ದವರು ಆ ದಡದ ಹಳ್ಳಿಯವರು, ಕಂಕುಳಲ್ಲಿ ಅರ್ಜಿ ಇಟ್ಟುಕೊಂಡು ನಿಮ್ಮ ಕಚೇರಿಗೇ ಹೊರಟಿದ್ದವರು. ಯಾರೂ ಕೂಗಲಿಲ್ಲ, ಅರ್ಜಿ ನೆನೆಯದಂತೆ ಮೇಲೆತ್ತಿ ಹಿಡಿದರು. ನನ್ನ ಗಂಡ ಬರಿಗೈಯಲ್ಲಿ ಆ ದಪ್ಪ ಜಾಗವನ್ನು ಗಡಗಡೆಯೊಳಗೆ ಒತ್ತಿ ತೂರಿಸಿದರು. ಹಗ್ಗದ ಜೊತೆ ಅವರ ಎರಡು ಬೆರಳೂ ತೂರಿದವು. ದಡಕ್ಕೆ ಬಂದ ಮೇಲೆ ಎಲ್ಲರನ್ನೂ ಇಳಿಸಿ, ಕೊನೆಗೆ ತಾವು ಇಳಿದು, ಆ ಕೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, "ಹೊಸದು ಬೇಡ, ಹಳೇದನ್ನೇ ಕಟ್ಟು," ಅಂದರು. ಆ ಬೆರಳುಗಳು ಇನ್ನು ಮಡಿಚುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ನಿಮ್ಮ ಸಲಹೆಯಂತೆ ನಡೆದುಕೊಂಡಿದ್ದರ ಫಲವಿದು. ಇದನ್ನು ನಿಮ್ಮ ವಾರ್ಷಿಕ ವರದಿಯಲ್ಲಿ ಯಾವ ಸಾಧನೆಯ ಕೆಳಗೆ ಸೇರಿಸುತ್ತೀರೋ ನಿಮಗೆ ಬಿಟ್ಟದ್ದು.

ದೋಣಿ ನಿಲ್ಲಿಸಿಬಿಡಿ ಅಂತ ನಾನು ಗೋಗರೆದಿದ್ದೇನೆ. "ಆಸ್ಪತ್ರೆ ಈ ದಡದಲ್ಲಿದೆ. ಆ ದಡದಿಂದ ಯಾರಾದ್ರೂ ಬಾ ಅಂತ ಕೂಗಿದ್ರೆ ಕಿವಿ ಮುಚ್ಕೊಂಡು ಕೂರೋಕಾಗುತ್ತಾ?" ಅನ್ನುತ್ತಾರೆ. ಸುತ್ತಿಕೊಂಡು ರಸ್ತೆಯಲ್ಲಿ ಬರುವುದಾದರೆ ಅರ್ಧ ದಿನ ಹಿಡಿಯುತ್ತದೆ. ಹಾಗಾಗಿ ದಿನವೂ ಬೆಳಿಗ್ಗೆ, ಮಡಿಚದ ಎರಡು ಬೆರಳು, ಹೋದ ವರ್ಷವೇ ಬಿಚ್ಚಿ ಹಾಕಬೇಕಾಗಿದ್ದ ಹಗ್ಗ, ಇವೆರಡನ್ನು ನಂಬಿ ಹೋಗುತ್ತಾರೆ. ಅವರು ತಿರುಗಿ ಬರುವವರೆಗೆ ನನಗೆ ರಾಟೆ ತಿರುಗಿಸಲೂ ಕೈ ಬರುವುದಿಲ್ಲ. ಅತ್ತೆ ಹೊಸ್ತಿಲಲ್ಲಿ ಕೂತು ಮಗನ ದಾರಿ ನೋಡುತ್ತಾರೆ, ಒಂದು ಕೈ ಹಿಂದೆ ಗೋಡೆಯ ಮೇಲೆ.

ಒಂದು ಮಾತು ಕೇಳುತ್ತೇನೆ. ನಿಮ್ಮ ಫಲಕದಲ್ಲಿ "ನದಿಯ ಎರಡೂ ದಡಗಳ ಸಮುದಾಯಗಳ ಸೇವೆಗಾಗಿ" ಎಂದು ಬರೆಸಿದ್ದೀರಿ. ಹೆಚ್ಚು ಹಳ್ಳಿಗಳಿರುವುದು ಆ ದಡದಲ್ಲಿ. ಅವರು ನಿಮ್ಮ ಕಚೇರಿಗೆ ಬರುವುದು ನಮ್ಮ ಹಗ್ಗದ ಮೇಲೆ. ಆ ಹಗ್ಗ ತಯಾರಾಗುವ ಜಾಗದಲ್ಲಿ ಕಚೇರಿ ಕಟ್ಟಿದರೆ ಕಚೇರಿಗೆ ಬರುವವರು ಯಾರು? ನದಿ ಏರಿದ ಮೇಲೆ ಕೌಂಟರ್ ಖಾಲಿ ಇದ್ದರೆ ಜನರ ಕುಂದುಕೊರತೆಗಳೆಲ್ಲ ನಿವಾರಣೆಯಾದವು ಎಂದು ಮೇಲಿನವರಿಗೆ ಬರೆಯುವ ಯೋಚನೆ ಇದೆಯೇ? ನಿಮ್ಮನ್ನು ಬಲ್ಲ ನನಗೆ ಇದೆ ಎಂದೇ ಅನಿಸುತ್ತದೆ.

ಈಗ ನಮಗೆ ಬೇಕಾದದ್ದು. ಕಚೇರಿ ಕೆಡವಿ ಎಂದು ಕೇಳುವಷ್ಟು ದಡ್ಡಿ ನಾನಲ್ಲ. ನೋಟಿಸಿಗೆ ವಿವರಣೆ ಕೊಡಲು ಬಂದಾಗ ಹೊರಗೆ ಬಹಳ ಹೊತ್ತು ಕಾಯಿಸಿದಿರಲ್ಲ, ಆಗ ಸುಮ್ಮನೆ ಕೂರಲಾಗದೆ ನಿಮ್ಮ ಕಟ್ಟಡವನ್ನು ನೋಡಿದೆ. ಮುಂಬಾಗಿಲಿಗೆ ನೇರವಾಗಿ ಒಂದು ಕಾರಿಡಾರ್ ಇದೆ. ಅದರ ಕೊನೆಯಲ್ಲಿ ಹಿಂಬಾಗಿಲಿದೆ. ಅದಕ್ಕೆ ಬೀಗ ಹಾಕಿ, ಸೇವಾ ಯೋಜನೆಗಳ ಕರಪತ್ರ ತುಂಬಿದ ಒಂದು ಬೀರುವನ್ನು ಅಡ್ಡ ಇಟ್ಟಿದ್ದೀರಿ. ಒಳಗೂ ಹೊರಗೂ ಹುರಿ ಹಿಡಿದು ನೋಡಿದೆ. ನಮ್ಮ ರಾಟೆ, ನಿಮ್ಮ ಹಿಂಬಾಗಿಲು, ಕಾರಿಡಾರ್, ಮುಂಬಾಗಿಲು, ಓಣಿಯ ಆಚೆ ತುದಿಯ ಗೂಟ, ಎಲ್ಲವೂ ಒಂದೇ ಗೆರೆಯಲ್ಲಿವೆ. ಹುರಿಯ ಇನ್ನೊಂದು ತುದಿಯನ್ನು ಯಾರು ಹಿಡಿದಿದ್ದರು ಎಂದು ಕೇಳಬೇಡಿ, ಹೇಳುವುದಿಲ್ಲ. ಓಣಿಗೆ ಸರಿಯಾಗಿ ನಡುವೆ ಕಟ್ಟಬೇಕೆಂಬ ನಿಮ್ಮ ಹಟದಿಂದ ಆದ ಒಂದೇ ಒಂದು ಒಳ್ಳೆಯ ಕೆಲಸ ಅದು. ನಿಮಗೂ ಅದು ಗೊತ್ತಿರಲಿಲ್ಲ ಎಂಬ ನಂಬಿಕೆ ನನಗಿದೆ.

ಆದ್ದರಿಂದ, ನದಿ ಏರುವ ಮೊದಲು, ಹಗ್ಗ ಮುಗಿಯುವವರೆಗೆ, ದಿನವೂ ಮುಂಜಾನೆ ನಿಮ್ಮ ಎರಡೂ ಬಾಗಿಲು ತೆರೆದಿಡಬೇಕು. ಬೀರು ಸರಿಸಬೇಕು. ನಿಮ್ಮ ಸಿಬ್ಬಂದಿ ಬರುವ ಹೊತ್ತಿಗೆ ನಾವು ಎಳೆ ಸುತ್ತಿಕೊಂಡು ಹೋಗಿರುತ್ತೇವೆ, ಅವರು ಬರುವ ಹೊತ್ತು ನಮಗೂ ಗೊತ್ತಿದೆ. ಹಾಗೊಮ್ಮೆ ಯಾರಾದರೂ ಬೇಗ ಬಂದುಬಿಟ್ಟರೂ ಹೆದರಬೇಕಾಗಿಲ್ಲ. ನಮ್ಮ ಕಣ್ಣು ಬೆರಳ ಮೇಲಿರುತ್ತದೆ. ಯಾವ ಕುರ್ಚಿಯಲ್ಲಿ ಯಾರಿದ್ದಾರೆ, ಯಾವುದು ಖಾಲಿ ಇದೆ ಎಂದು ನೋಡಲು ನಮಗೆ ಪುರುಸೊತ್ತಿಲ್ಲ. ಇದಕ್ಕೆ ಮಂಜೂರಾತಿ ಬೇಕಿಲ್ಲ, ಸಮಿತಿ ಬೇಕಿಲ್ಲ. ಒಂದು ಬೀಗದ ಕೈ ಸಾಕು, ಅದು ನಿಮ್ಮ ಮೇಜಿನ ಮೇಲಿನ ಗಾಜಿನ ಲೋಟದಲ್ಲಿದೆ, ನಾನು ನೋಡಿದ್ದೇನೆ.

ಕಾರಿಡಾರಿನಲ್ಲಿ ಮೊದಲು ನಡೆಯುವವರು ಯಾರು ಎಂದು ಓಣಿಯಲ್ಲಿ ಮಾತು ಬಂದಾಗ ಅತ್ತೆ, "ನಾನೇ," ಅಂದರು. "ಬಾಗ್ಲು ತೆಗ್ದಿದಾರೆ ಅಂತ ನೀನು ನೋಡಿ ಹೇಳಿದ್ರೆ ಸಾಕು, ನಾನು ತಿರುಗಿ ನೋಡಲ್ಲ." ನೋಡಿ ಹೇಳುವ ಕೆಲಸ ನನ್ನದು. ಸುಳ್ಳು ಹೇಳಲಾರೆ.

ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ದಿನವೇ ಹಳೆಯ ಹಗ್ಗದ ಒಂದು ತುಂಡನ್ನು ನಿಮ್ಮ ಕಾವಲುಗಾರನ ಕೈಯಲ್ಲಿ ಕೊಟ್ಟಿರುತ್ತೇನೆ. ದಡದ ಗೂಟಕ್ಕೆ ಕಟ್ಟಿ ಉಳಿದ ತುದಿಯಿಂದ ಕತ್ತರಿಸಿದ್ದು, ದೋಣಿ ಹೋಗಿ ಬರುವ ಹಗ್ಗವೂ ಅದೇ. ಅದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಹೆಚ್ಚು ಬಲ ಬೇಕಾಗುವುದಿಲ್ಲ. ಅದು ನಿಮ್ಮ ಕೈಯಲ್ಲಿ ಹರಿದಾಗ ಒಮ್ಮೆ ತಲೆಯೆತ್ತಿ ಕಿಟಕಿಯ ಆಚೆ ನೋಡಿ. ಆ ಹೊತ್ತಿಗೆ ನನ್ನ ಗಂಡ ನಡುನದಿಯಲ್ಲಿರುತ್ತಾರೆ.

ಇಂತಿ,
ನಿಮ್ಮ ಸೇವೆಯಿಂದ ಬೆನ್ನು ನೊಂದವರ ಸೊಸೆ,
ಬೆರಳು ಮಡಿಚಲಾಗದವರ ಹೆಂಡತಿ,
ಅರ್ಧ ಓಣಿಯ ಹಗ್ಗದವಳು